ಗಿಡದ ಗಂಡು ಹೆಣ್ಣು ಎಲ್ಲರಿಗೂ ಗೊತ್ತಿರಲಿ

ಜಾಯಿಕಾಯಿ ಸಸಿ ನೆಟ್ಟ ಬೆಳೆಗಾರ ಆರೇಳು ವರ್ಷ ಗೊಬ್ಬರ ಹಾಕಿ, ನೀರುಣಿಸಿ, ಬುಡಕ್ಕೆ ಸೊಪ್ಪು ಮುಚ್ಚಿ ಕಾಯುತ್ತಾನೆ. ಕೊನೆಗೂ ಮರಗಳು ಹೂ ಬಿಡುತ್ತವೆ. ತೋಟದ ಸುಮಾರು ಅರ್ಧದಷ್ಟು ಮರಗಳು ಗಂಡು, ಅವು ಕಾಯಿ ಕೊಡುವುದೇ ಇಲ್ಲ ಎಂದು ತಿಳಿಯುವುದು ಆಗ. ಜಾಯಿಕಾಯಿಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದಿಂದ ಎದ್ದ ಸಸಿಯ ಮುಖ ನೋಡಿ ಅದು ಯಾವುದೆಂದು ಹೇಳಲಾಗದು. ಬಲ್ಲವರು ಹೆಣ್ಣು ಮರದ ಕಡ್ಡಿಯಿಂದ ಕಟ್ಟಿದ ಕಸಿ ಗಿಡ ನೆಡುತ್ತಾರೆ, ಪರಾಗಕ್ಕೆಂದು ಹತ್ತಕ್ಕೊಂದು ಗಂಡು ಮರ ಉಳಿಸಿಕೊಳ್ಳುತ್ತಾರೆ. ತಿಳಿಯದವರು ಅಷ್ಟೂ ವರ್ಷಗಳ ದುಡಿಮೆಯಲ್ಲಿ ಅರ್ಧವನ್ನು ಕಳೆದುಕೊಳ್ಳುತ್ತಾರೆ. ಇಲ್ಲವೇ ಬೆಳೆದ ಗಂಡು ಮರದ ತಲೆ ಕಡಿದು, ಚಿಗುರಿಗೆ ಹೆಣ್ಣು ಕಡ್ಡಿ ಕಸಿ ಕಟ್ಟಿ, ಮತ್ತೆ ಕೆಲವು ವರ್ಷ ಕಾಯುತ್ತಾರೆ.

ಇಷ್ಟು ದೊಡ್ಡ ನಷ್ಟವನ್ನು ತಪ್ಪಿಸಬಲ್ಲ ತಿಳಿವಳಿಕೆ ಸಸ್ಯಶಾಸ್ತ್ರದ ಮೊದಲ ಪಾಠಗಳಲ್ಲೇ ಇದೆ. ಪ್ರೌಢಶಾಲೆ ಮುಗಿಸಿದ ಎಲ್ಲರೂ ಏಕಲಿಂಗ ಪುಷ್ಪ, ದ್ವಿಲಿಂಗ ಪುಷ್ಪ, ಕೇಸರ, ಶಲಾಕೆ, ಅಂಡಾಶಯ ಎಂಬ ಪದಗಳನ್ನು ಓದಿರುತ್ತಾರೆ. ದಾಸವಾಳದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಅಂಕವನ್ನೂ ಪಡೆದಿರುತ್ತಾರೆ. ಆದರೆ ಆ ಪಾಠ ಹಿತ್ತಲಿಗೂ ತೋಟಕ್ಕೂ ಅಡುಗೆಮನೆಗೂ ಬರುವುದಿಲ್ಲ. ಬೇಸಾಯವನ್ನು ನಂಬಿ ಬದುಕುವ ನಾಡಿನಲ್ಲಿ ಗಿಡದ ಬಗೆ ಯಾವುದು, ಅದು ಹೇಗೆ ಸಂತಾನ ಬೆಳೆಸುತ್ತದೆ ಎಂಬುದು ಎಲ್ಲರಿಗೂ ತಿಳಿದಿರಬೇಕಾದ ವಿಷಯ. ಅದನ್ನು ಗಿಡದ ಮುಂದೆಯೇ ನಿಂತು ಕಲಿಸಬೇಕು.

ಹಿತ್ತಲಿನ ಕುಂಬಳ ಬಳ್ಳಿಯನ್ನೇ ನೋಡಿ. ಮೊದಲ ಸುತ್ತಿನ ಹೂಗಳೆಲ್ಲ ಉದುರಿದಾಗ ಮನೆಯವರು ಕಂಗಾಲಾಗುತ್ತಾರೆ. ದೃಷ್ಟಿ ತಗುಲಿತು ಎನ್ನುವವರಿದ್ದಾರೆ, ಔಷಧಿ ಹೊಡೆಯಲು ಓಡುವವರೂ ಇದ್ದಾರೆ. ನಿಜವಾಗಿ ಬಳ್ಳಿಗೆ ಏನೂ ಆಗಿರುವುದಿಲ್ಲ. ಕುಂಬಳ, ಸೋರೆ, ಹೀರೆ, ಹಾಗಲ ಬಳ್ಳಿಗಳಲ್ಲಿ ಸಾಮಾನ್ಯವಾಗಿ ಮೊದಲು ಅರಳುವುದು ಗಂಡುಹೂ. ಪರಾಗ ಕೊಟ್ಟ ಮೇಲೆ ಅದು ಉದುರಲೇಬೇಕು. ಹೆಣ್ಣುಹೂ ಆಮೇಲೆ ಬರುತ್ತದೆ, ಅದರ ದಳಗಳ ಕೆಳಗೆ ಪುಟ್ಟ ಕಾಯಿಯ ಆಕಾರದ ಅಂಡಾಶಯ ಬರಿಗಣ್ಣಿಗೇ ಕಾಣುತ್ತದೆ. ಜೇನು ಬಾರದ ಕಡೆ ಕುಂಬಳದ ಗಂಡುಹೂವನ್ನು ಬೆಳಗ್ಗೆಯೇ ಕಿತ್ತು, ದಳ ಬಿಡಿಸಿ, ಹೆಣ್ಣುಹೂವಿನ ನಡುವೆ ಸವರಿದರೆ ಕಾಯಿ ಕಚ್ಚುತ್ತದೆ. ಇದನ್ನು ಕಲಿಯಲು ಮಗುವಿಗೆ ಒಂದು ಬೆಳಗು ಸಾಕು.

ಹಲಸಿನ ಮರದಲ್ಲೂ ಇದೇ ಗೊಂದಲ. ಕಡ್ಡಿಯಂತೆ ಸಣ್ಣಗೆ ಹುಟ್ಟಿ, ಕಪ್ಪಾಗಿ, ಬೂಸ್ಟು ಹಿಡಿದು ಉದುರುವ ಮಿಡಿಗಳನ್ನು ಕಂಡು ಫಸಲೇ ಹೋಯಿತೆಂದು ಕೊರಗುವವರು ಪ್ರತಿ ವರ್ಷ ಇರುತ್ತಾರೆ. ಎಳೆಗಾಯಿಗೆ ಕೊಳೆರೋಗ ಬರುವುದು ಸುಳ್ಳಲ್ಲ. ಆದರೆ ಹೀಗೆ ಉದುರುವುದರಲ್ಲಿ ಬಹುಪಾಲು ಗಂಡು ಹೂಗೊಂಚಲು. ಹಲಸಿನ ಒಂದೇ ಮರದಲ್ಲಿ ಗಂಡು ಗೊಂಚಲು, ಹೆಣ್ಣು ಗೊಂಚಲು ಬೇರೆಬೇರೆಯಾಗಿ ಹುಟ್ಟುತ್ತವೆ. ಕಾಯಾಗುವುದು ಹೆಣ್ಣು ಗೊಂಚಲು ಮಾತ್ರ. ಆ ಇಡೀ ಗೊಂಚಲೇ ಕೂಡಿಕೊಂಡು ಒಂದು ಹಣ್ಣಾಗುತ್ತದೆ. ಮೈಮೇಲಿನ ಒಂದೊಂದು ಮುಳ್ಳೂ ಒಂದೊಂದು ಹೂವಿನ ಗುರುತು, ಒಳಗಿನ ಒಂದೊಂದು ತೊಳೆಯೂ ಫಲಿತವಾದ ಒಂದೊಂದು ಹೂ. ತೊಳೆಗಳ ನಡುವೆ ಸಿಗುವ ಎಳೆ ಎಳೆಯಾದ ನಾರು ಫಲಿತವಾಗದೆ ಉಳಿದ ಹೂಗಳು. ಹಣ್ಣು ಹೆಚ್ಚುವ ಅಜ್ಜಿಯ ಪಕ್ಕ ಕುಳಿತ ಹುಡುಗನಿಗೆ ಇದನ್ನು ತೋರಿಸಿದರೆ ಸಂಯುಕ್ತ ಫಲ ಎಂದರೇನೆಂದು ಅವನು ಮತ್ತೆ ಬಾಯಿಪಾಠ ಮಾಡಬೇಕಾಗಿಲ್ಲ.

ಗಿಡದ ಬಗೆಗಳ ಮಾತಿಗೆ ಬಂದರೆ ಬಾಳೆಗಿಂತ ಒಳ್ಳೆಯ ಪಾಠವಿಲ್ಲ. ಆಳೆತ್ತರ ಮೀರಿ ಬೆಳೆದರೂ ಬಾಳೆ ಮರವಲ್ಲ. ಅದು ದೈತ್ಯ ಮೂಲಿಕೆ. ಮರ ಎನ್ನಿಸಿಕೊಳ್ಳಲು ಕಾಂಡ ಬಲಿತು ಕಟ್ಟಿಗೆಯಾಗಬೇಕು. ಬುಡದಿಂದಲೇ ಹಲವು ಗಟ್ಟಿ ಕವಲೊಡೆದರೆ ಪೊದೆ, ಕಟ್ಟಿಗೆಯಾಗದೆ ಮೆತ್ತಗೆ ಉಳಿದರೆ ಮೂಲಿಕೆ. ನಾವು ಬಾಳೆಯ ಕಾಂಡವೆಂದು ತಿಳಿದಿರುವುದು ಎಲೆಯ ಬುಡಗಳು ಪದರ ಪದರವಾಗಿ ಸುತ್ತಿಕೊಂಡ ಸುರುಳಿ. ನಿಜವಾದ ಕಾಂಡ ಮಣ್ಣೊಳಗಿನ ಗಡ್ಡೆ. ಹೂ ಬಿಡುವ ಕಾಲಕ್ಕೆ ಆ ಗಡ್ಡೆಯಿಂದ ಒಂದು ದಂಟು ಸುರುಳಿಯ ನಡುವಿನಿಂದ ಮೇಲೇರಿ ಗೊನೆಯಾಗುತ್ತದೆ. ಅಡುಗೆಮನೆಯಲ್ಲಿ ಕೋಸಂಬರಿಯಾಗುವ ಬಾಳೆದಿಂಡು ಇದೇ. ಗೊನೆಯ ಮೇಲಿನ ಚಿಪ್ಪುಗಳಲ್ಲಿ ಕಾಯಾಗಿರುವುದು ಹೆಣ್ಣುಹೂಗಳು. ಕೆಳಗೆ ತೂಗುವ ಬಾಳೆಮೂತಿಯ ಕೆಂಪು ಹಾಳೆಗಳ ಅಡಿಯಲ್ಲಿರುವುದು ಗಂಡುಹೂಗಳು. ಬಾಳೆಹೂವಿನ ಪಲ್ಯಕ್ಕೆ ಒಂದೊಂದೇ ಹೂ ಬಿಡಿಸಿ ನಾರು ತೆಗೆಯುವ ಗೃಹಿಣಿಯ ಬೆರಳು ತೆಗೆದೆಸೆಯುವುದು ಆ ಹೂವಿನ ಶಲಾಕೆಯನ್ನು.

ನಾವು ತಿನ್ನುವ ಬಾಳೆಹಣ್ಣಿಗೆ ಬೀಜವಿಲ್ಲ. ಫಲಿತವಾಗದೆಯೇ ಅಂಡಾಶಯ ಹಣ್ಣಾಗುತ್ತದೆ. ಹೀಗಾಗಿ ಬೆಳೆಗಾರ ಕಂದು ಕಿತ್ತು ನೆಡುತ್ತಾನೆ. ಕಂದಿನಿಂದ ಬಂದ ಗಿಡ ತಾಯಿಯ ಪಡಿಯಚ್ಚು. ರುಚಿಯೂ ಅದೇ, ರೋಗಕ್ಕೆ ಬಗ್ಗುವ ಗುಣವೂ ಅದೇ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ನಂಜನಗೂಡು ರಸಬಾಳೆ ಪನಾಮಾ ಸೊರಗು ರೋಗಕ್ಕೆ ಸಿಕ್ಕು ಅದರ ತೋಟಗಳು ಕರಗಿದ್ದರ ಹಿಂದೆ ಈ ಕಾರಣವೂ ಇದೆ. ಗಿಡಗಳೆಲ್ಲ ಒಂದೇ ಆಗಿದ್ದಾಗ ಒಂದಕ್ಕೆ ಬಂದದ್ದು ಎಲ್ಲಕ್ಕೂ ಬರುತ್ತದೆ. ಲ್ಯಾಟಿನ್ ಅಮೆರಿಕದ ರಫ್ತು ತೋಟಗಳನ್ನು ಆಳುತ್ತಿದ್ದ ಗ್ರೋ ಮಿಶೆಲ್ ತಳಿಯೂ ಕಳೆದ ಶತಮಾನದ ನಡುವಿನಲ್ಲಿ ಇದೇ ರೋಗಕ್ಕೆ ಬಲಿಯಾಗಿ ಮಾರುಕಟ್ಟೆಯಿಂದ ಮರೆಯಾಯಿತು. ಕಂದಿನಿಂದ ಬೆಳೆಸುವುದಕ್ಕೂ ಬೀಜದಿಂದ ಬೆಳೆಸುವುದಕ್ಕೂ ಇರುವ ಅಂತರ ತಿಳಿದಾಗಲೇ ರೋಗವಿಲ್ಲದ ತೋಟದಿಂದ ಕಂದು ತರುವುದು ಏಕೆ ಮುಖ್ಯ ಎಂಬುದು ಮನದಟ್ಟಾಗುತ್ತದೆ.

ಬಾಳೆಯಂತೆ ಬಿದಿರೂ ಮರವಲ್ಲ, ಅದು ಹುಲ್ಲು. ಕಾಡಿನ ಹೆಬ್ಬಿದಿರು ನಾಲ್ಕೈದು ದಶಕಕ್ಕೊಮ್ಮೆ ಸೀಮೆಗೆ ಸೀಮೆಯೇ ಹೂ ಬಿಟ್ಟು, ಬಿದಿರಕ್ಕಿ ಸುರಿಸಿ, ಒಟ್ಟಿಗೆ ಒಣಗಿ ಸಾಯುತ್ತದೆ. ಒಣಗಿದ ಮೆಳೆಗಳು ಬೇಸಿಗೆಯಲ್ಲಿ ಕಾಳ್ಗಿಚ್ಚಿಗೆ ಆಹಾರ. ಮಿಜೋರಾಂನ ಬಿದಿರಿನ ಆವರ್ತ ಸುಮಾರು 48 ವರ್ಷ. ಅಲ್ಲಿ ಬಿದಿರು ಹೂ ಬಿಟ್ಟರೆ ಬೀಜ ತಿಂದು ಇಲಿಗಳು ಮಿತಿಮೀರಿ, ಬೀಜ ಮುಗಿದಾಗ ಗದ್ದೆ ಕಣಜಗಳಿಗೆ ನುಗ್ಗುತ್ತವೆ. 1958–59ರ ಹೂವಿಗೆ ಮೊದಲೇ ಮಿಜೋ ಜನ ಎಚ್ಚರಿಸಿದ್ದರೂ ಆಗಿನ ಅಸ್ಸಾಂ ಸರ್ಕಾರ ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಬರಗಾಲ ಬಂತು. ಆ ಸಂಕಟದಿಂದ ಹುಟ್ಟಿದ ಪರಿಹಾರ ಸಂಘಟನೆಯೇ ಮುಂದೆ ಮಿಜೋ ನ್ಯಾಷನಲ್ ಫ್ರಂಟ್ ಆಗಿ ಬಂಡಾಯದ ದಾರಿ ಹಿಡಿಯಿತು. ಒಂದು ಹುಲ್ಲು ಯಾವಾಗ ಹೂ ಬಿಡುತ್ತದೆ ಎಂಬುದು ಆಡಳಿತಕ್ಕೂ ಗೊತ್ತಿರಬೇಕಾದ ಸಂಗತಿ.

ಜೀವಮಾನದಲ್ಲಿ ಒಮ್ಮೆ ಮಾತ್ರ ಹೂ ಬಿಡುವ ಮತ್ತೊಂದು ಸಸ್ಯ ನಮ್ಮ ಕರಾವಳಿಯ ಶ್ರೀತಾಳೆ. ಹಿಂದಿನವರು ಹಸ್ತಪ್ರತಿ ಬರೆದದ್ದು ಇದರ ಗರಿಗಳ ಮೇಲೆ. ಹಲವು ದಶಕ ಬೆಳೆದ ಮೇಲೆ ನೆತ್ತಿಯಲ್ಲಿ ಲಕ್ಷಾಂತರ ಹೂಗಳ ಬೃಹತ್ ಗೊಂಚಲು ಹೊಮ್ಮಿಸಿ, ಬೀಜ ಬಲಿಸಿ, ಮರ ಸಾಯುತ್ತದೆ. ಇದರ ಹತ್ತಿರದ ಬಂಧು ತಾಲಿಯೇರಾ ಎಂಬ ತಾಳೆಗೆ ಒದಗಿದ ಗತಿ ನೆನಪಿಡುವಂಥದ್ದು. ಕಾಡುಸ್ಥಿತಿಯಲ್ಲಿ ಉಳಿದಿದ್ದ ಕೊನೆಯ ಮರ ಪಶ್ಚಿಮ ಬಂಗಾಳದ ಶಾಂತಿನಿಕೇತನದ ಬಳಿ 1979ರಲ್ಲಿ ಹೂ ಬಿಡತೊಡಗಿದಾಗ, ಅದನ್ನು ಭೂತದ ಮರವೆಂದು ಹೆದರಿದ ಹಳ್ಳಿಗರು ಬೀಜ ಕಟ್ಟುವ ಮೊದಲೇ ಕಡಿದುಹಾಕಿದರು. ಇಂದು ಆ ಪ್ರಭೇದ ಕಾಡಿನಿಂದ ಅಳಿದಿದೆ. ಢಾಕಾ ವಿಶ್ವವಿದ್ಯಾಲಯದ ಆವರಣದಲ್ಲಿದ್ದ ಇದೇ ಜಾತಿಯ ಮರ 2008ರಲ್ಲಿ ಹೂ ಬಿಟ್ಟಾಗ ಅದನ್ನು ಕಾಯ್ದು, ಬೀಜ ಹಿಡಿದು, ಸಸಿ ಮಾಡಿದರು. ಎರಡು ಊರುಗಳ ನಡುವಿನ ವ್ಯತ್ಯಾಸ ತಿಳಿವಳಿಕೆಯದು. ನಮ್ಮ ಶ್ರೀತಾಳೆಗಳು ಹೂ ಬಿಟ್ಟಾಗ ಊರಿನವರು ನಿಂತು ಕಾಯಬೇಕು, ಬಿದ್ದ ಬೀಜ ಹೆಕ್ಕಿ ನೆಡಬೇಕು.

ಹೂವೇ ಇಲ್ಲದ ಸಸ್ಯಗಳೂ ನಮ್ಮ ಊಟದಲ್ಲಿವೆ. ಕೊಡಗಿನ ಮಳೆಗಾಲದ ತೆರ್ಮೆ ತೊಪ್ಪು ಒಂದು ಜರೀಗಿಡದ ಎಳೆ ಸುರುಳಿ. ಬಲಿತ ಜರೀ ಎಲೆಯ ಅಡಿ ಮಗುಚಿದರೆ ಕಾಣುವ ಕಂದು ಚುಕ್ಕೆಗಳಲ್ಲಿ ಬೀಜಕಗಳಿರುತ್ತವೆ, ವಂಶ ಬೆಳೆಯುವುದು ಅವುಗಳಿಂದ. ಪೈನ್, ಸೈಕಸ್‌ಗಳಲ್ಲಿ ಬೀಜವಿದೆ, ಆದರೆ ಅದನ್ನು ಮುಚ್ಚುವ ಹಣ್ಣಿಲ್ಲ; ಅದಕ್ಕೇ ಅವು ಅನಾವೃತ ಬೀಜ ಸಸ್ಯಗಳು. ನಮ್ಮ ಬೆಳೆಗಳೆಲ್ಲ ಹೆಚ್ಚುಕಡಿಮೆ ಆವೃತ ಬೀಜ ಸಸ್ಯಗಳೇ ಆದ್ದರಿಂದ ಹೂವಿನ ವಿಚಾರಕ್ಕೆ ಹೆಚ್ಚು ಸಮಯ ಕೊಡಬೇಕು.

ತೆಂಗು, ಅಡಿಕೆಯ ನಾಡಿಗೆ ಇದು ಇನ್ನೂ ಹತ್ತಿರದ ಮಾತು. ಅಡಿಕೆಯ ಹಿಂಗಾರದಲ್ಲಿ ಎಳೆಗಳ ತುದಿಯುದ್ದಕ್ಕೂ ಇರುವ ಸಣ್ಣ ಬಿಳಿ ಹೂಗಳು ಗಂಡು, ಬುಡದಲ್ಲಿ ಕುಳಿತ ದಪ್ಪ ಹೂಗಳು ಹೆಣ್ಣು. ಗಂಡುಹೂ ಮೊದಲು ಅರಳಿ ಉದುರುತ್ತದೆ, ಹೆಣ್ಣುಹೂ ಆಮೇಲೆ ಬಿರಿಯುತ್ತದೆ. ಆದ್ದರಿಂದ ಪರಾಗ ಬೇರೆ ಮರದಿಂದ ಬರಬೇಕು, ಅಡಿಕೆಯಲ್ಲಿ ಅದನ್ನು ತರುವುದು ಮುಖ್ಯವಾಗಿ ಗಾಳಿ. ಎತ್ತರದ ತೆಂಗಿನ ತಳಿಗಳಲ್ಲೂ ಇದೇ ಕ್ರಮ. ಗಿಡ್ಡ ತಳಿಗಳಲ್ಲಿ ಎರಡೂ ಕಾಲ ಕೂಡಿಬಂದು ಸ್ವಕೀಯ ಪರಾಗಸ್ಪರ್ಶ ನಡೆಯುತ್ತದೆ. ತಿಪಟೂರಿನ ಎತ್ತರದ ಮರದ ಕಾಯಿ ನೆಟ್ಟರೆ ಎಲ್ಲ ಸಸಿಗಳೂ ತಾಯಿಯಂತಿರುವುದಿಲ್ಲ, ಏಕೆಂದರೆ ತಂದೆ ಯಾವ ಮರವೋ ತಿಳಿಯದು. ಈ ಸ್ವಭಾವ ಅರಿತ ಮೇಲೆಯೇ 1930ರ ದಶಕದಲ್ಲಿ ನೀಲೇಶ್ವರದಲ್ಲಿ ವಿಜ್ಞಾನಿ ಜೆ.ಎಸ್. ಪಟೇಲ್ ಎತ್ತರ ಮತ್ತು ಗಿಡ್ಡ ತಳಿಗಳನ್ನು ಸೇರಿಸಿ ಸಂಕರ ತೆಂಗು ಬೆಳೆಸಿದ್ದು. ಪಪ್ಪಾಯಿಯಲ್ಲಿ ಗಂಡು, ಹೆಣ್ಣು, ದ್ವಿಲಿಂಗಿ ಎಂದು ಮೂರು ಬಗೆ. ಉದ್ದ ದಂಟಿನಲ್ಲಿ ಹೂ ಜೋಲಾಡಿದರೆ ಅದು ಗಂಡು, ಕಾಂಡಕ್ಕೆ ಅಂಟಿಕೊಂಡ ದಪ್ಪ ಹೂ ಹೆಣ್ಣು. ಹಿಂದಿನ ಬೆಳೆಗಾರರು ಗುಣಿಗೆ ಎರಡು ಮೂರು ಸಸಿ ನೆಟ್ಟು, ಹೂ ಬಂದ ಮೇಲೆ ಹೆಚ್ಚುವರಿ ಗಂಡನ್ನು ಕಿತ್ತುಹಾಕುತ್ತಿದ್ದುದು ಈ ಲೆಕ್ಕದಿಂದಲೇ.

ಸಸ್ಯಗಳಿಗೂ ಲಿಂಗವಿದೆ ಎಂದು ಪ್ರಯೋಗ ಮಾಡಿ ತೋರಿಸಿದ್ದು ಜರ್ಮನಿಯ ಟ್ಯೂಬಿಂಗನ್‌ನ ವೈದ್ಯ ರುಡಾಲ್ಫ್ ಕ್ಯಾಮರೇರಿಯಸ್, 1694ರಲ್ಲಿ. ಹತ್ತಿರ ಗಂಡು ಮರವಿಲ್ಲದ ಹಿಪ್ಪುನೇರಳೆಯ ಹೆಣ್ಣು ಮರ ಹಣ್ಣು ಬಿಟ್ಟರೂ ಬೀಜಗಳು ಜಳ್ಳಾಗಿರುವುದನ್ನು ಅವರು ಗಮನಿಸಿದರು. ಮುಂದೆ ಸಸ್ಯವಿಜ್ಞಾನಿ ಲಿನೇಯಸ್ ಕೇಸರ, ಶಲಾಕೆಗಳ ಸಂಖ್ಯೆಯನ್ನೇ ಆಧಾರವಾಗಿಟ್ಟು ಸಸ್ಯಗಳನ್ನು ವಿಂಗಡಿಸಿದಾಗ, ಇದು ಅಸಭ್ಯವೆಂದು ವಿರೋಧಿಸಿದ ಪಂಡಿತರಿದ್ದರು. ಆ ಸಂಕೋಚ ಮೂರು ಶತಮಾನದ ಹಿಂದಿನದು. ಇಂದಿನ ತರಗತಿಯಲ್ಲಿ ಅದಕ್ಕೆ ಜಾಗವಿರಬಾರದು. ಗಂಡು ಹೆಣ್ಣಿನ ಸಹಜ ಸಂಗತಿಯನ್ನು ಮಕ್ಕಳಿಗೆ ನೆಟ್ಟಗೆ ಹೇಳಲು ಹೂವಿಗಿಂತ ಒಳ್ಳೆಯ ಆರಂಭ ಯಾವುದಿದೆ?

ಪರೀಕ್ಷೆಗಾಗಿ ಬರೆಯುವ ದಾಸವಾಳದ ಚಿತ್ರಕ್ಕೂ ದುಡಿಮೆಗೂ ಇರುವ ನಂಟನ್ನು ಪಠ್ಯ ಹೇಳುವುದಿಲ್ಲ. ದಾಸವಾಳದ ಕೇಸರಗಳು ಒಂದು ಕೊಳವೆಯಾಗಿ ಕೂಡಿಕೊಂಡಿರುತ್ತವೆ, ಆ ಕೊಳವೆಯೊಳಗಿಂದ ಶಲಾಕೆ ಹಾದು ತುದಿಯಲ್ಲಿ ಹೊರಬರುತ್ತದೆ. ಬೆಂಡೆ ಮತ್ತು ಹತ್ತಿ ಇದೇ ಕುಟುಂಬದವು, ಅವುಗಳ ಹೂವಿನ ರಚನೆಯೂ ಇದೇ. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನ ಸುತ್ತಲ ಬೀಜೋತ್ಪಾದನೆಯ ಹೊಲಗಳಲ್ಲಿ ಹೆಣ್ಣುಮಕ್ಕಳು ಮಾರನೆಯ ದಿನ ಅರಳಲಿರುವ ಹತ್ತಿ ಮೊಗ್ಗನ್ನು ಸಂಜೆಯೇ ಗುರುತಿಸಿ, ಹೆಬ್ಬೆರಳ ಉಗುರಿನಿಂದ ದಳವನ್ನೂ ಕೇಸರದ ಕೊಳವೆಯನ್ನೂ ಒಟ್ಟಿಗೆ ಸುಲಿಯುತ್ತಾರೆ. ಒಳಗಿನ ಶಲಾಕೆಗೆ ಗೀರು ಬಿದ್ದರೂ ಕಾಯಿ ಹೋದಂತೆ. ಮರುದಿನ ಬೆಳಗ್ಗೆ ಗಂಡು ತಳಿಯ ಹೂ ತಂದು ಶಲಾಕಾಗ್ರಕ್ಕೆ ಸವರುತ್ತಾರೆ. ಇದಕ್ಕೆ ‘ಕ್ರಾಸಿಂಗ್’ ಎಂದೇ ಹೆಸರು. ಧಾರವಾಡದಲ್ಲಿ ಬಿ.ಎಚ್. ಕಟರಕಿ ರೂಪಿಸಿದ, 1972ರಲ್ಲಿ ಬಿಡುಗಡೆಯಾದ ವರಲಕ್ಷ್ಮಿ ಎಂಬ ಅಂತರ್‌ಪ್ರಭೇದ ಸಂಕರ ಹತ್ತಿ ಹೊಲಗಳಿಗೆ ತಲುಪಿದ್ದು ಇಂಥ ಬೆರಳುಗಳ ಕೆಲಸದಿಂದ. ಈ ಕೆಲಸಕ್ಕೆ ಶಾಲೆ ಬಿಡಿಸಿ ಬಾಲಕಿಯರನ್ನು ಹಚ್ಚಿದ್ದೂ ದಾಖಲಾಗಿರುವ ಕಹಿ ಸತ್ಯ. ಆ ಮಕ್ಕಳು ಇರಬೇಕಾದದ್ದು ಶಾಲೆಯಲ್ಲಿ; ಆ ತಾಯಂದಿರಿಗೆ ಸಿಗಬೇಕಾದದ್ದು ಕುಶಲಕರ್ಮಿಗಳ ಕೂಲಿ ಮತ್ತು ಗೌರವ.

ವೆನಿಲ್ಲಾ ಹೂವಿಗೆ ಕೈಯಿಂದ ಪರಾಗಸ್ಪರ್ಶ ಮಾಡುವ ಸುಲಭ ವಿಧಾನ ಕಂಡುಹಿಡಿದವನೂ ಶಾಲೆಯ ಭಾಗ್ಯ ಕಾಣದ ಬಾಲಕ. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಗುಲಾಮನಾಗಿದ್ದ ಎಡ್ಮಂಡ್ ಆಲ್ಬಿಯಸ್ 1841ರಲ್ಲಿ, 12ನೇ ವಯಸ್ಸಿನಲ್ಲಿ, ಹೂವಿನ ಗಂಡು ಹೆಣ್ಣು ಭಾಗಗಳ ನಡುವಿನ ಪೊರೆಯನ್ನು ಕಡ್ಡಿಯಿಂದ ಎತ್ತಿ ಎರಡನ್ನೂ ಬೆರಳಿನಿಂದ ಒತ್ತಿ ಸೇರಿಸಿದ. 2000ರ ದಶಕದ ಆರಂಭದಲ್ಲಿ ವೆನಿಲ್ಲಾಕ್ಕೆ ಬಂಗಾರದ ಬೆಲೆ ಬಂದಾಗ ಮಲೆನಾಡು, ದಕ್ಷಿಣ ಕನ್ನಡದ ತೋಟಗಳಲ್ಲಿ ಬೆಳಗ್ಗೆ ಎದ್ದು ಹೂವಿನಿಂದ ಹೂವಿಗೆ ಹೋದವರು ಮಾಡಿದ್ದೂ ಅದನ್ನೇ.

ಮನುಷ್ಯನ ಕೈಗೆ ಎಟುಕದ ಕೆಲಸವನ್ನು ಕೀಟಗಳು ಮಾಡುತ್ತವೆ. ಅತ್ತಿಯ ಮರಕ್ಕೆ ಹೂವೇ ಇಲ್ಲ ಎಂಬ ಮಾತಿದೆ. ಹೂಗಳು ಕಾಯಿಯಂತೆ ಕಾಣುವ ಗುಂಡಿನ ಒಳಗೋಡೆಗೆ ಅಂಟಿಕೊಂಡಿರುತ್ತವೆ. ಪುಟ್ಟ ಕಣಜವೊಂದು ಸೂಕ್ಷ್ಮ ರಂಧ್ರದಿಂದ ಒಳನುಗ್ಗಿ, ಪರಾಗ ತಲುಪಿಸಿ, ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೆನೀ ಬೋರ್ಜೆಸ್ ಮತ್ತು ಸಂಗಡಿಗರು ಅತ್ತಿ ಮತ್ತು ಕಣಜಗಳ ಈ ನಂಟನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಬದನೆಯ ಪರಾಗಕೋಶ ತುದಿಯ ಸಣ್ಣ ತೂತಿನಿಂದ ಮಾತ್ರ ಪರಾಗ ಬಿಡುತ್ತದೆ. ಹೂವನ್ನು ಹಿಡಿದು ಮೈ ಝೇಂಕರಿಸಿ ಅದನ್ನು ಉದುರಿಸುವ ಕಾಡುದುಂಬಿಗಳಿಂದ ಕಾಯಿ ಚೆನ್ನಾಗಿ ಕಚ್ಚುತ್ತದೆ. ಪೆಟ್ಟಿಗೆಯ ಜೇನಿಗೆ ಆ ವಿದ್ಯೆ ಇಲ್ಲ. ಮಟ್ಟುಗುಳ್ಳದಂಥ ಹೆಸರಾಂತ ಬದನೆಗೂ ದುಂಬಿ ಬೇಕು. ರೋಬಸ್ಟಾ ಕಾಫಿ ಗಿಡ ತನ್ನದೇ ಪರಾಗದಿಂದ ಫಲ ಕಟ್ಟದು. ಹೂಮಳೆ ಬಿದ್ದ ಮೇಲೆ ಕೊಡಗಿನ ತೋಟಗಳಿಗೆ ಮುತ್ತುವ ಹೆಜ್ಜೇನು ಬೆಳೆಗಾರನ ಪಾಲುದಾರ. ಗಿಡ ಹೂವಲ್ಲಿರುವಾಗ ಹಗಲಿನಲ್ಲಿ ಕೀಟನಾಶಕ ಸಿಂಪಡಿಸಬಾರದು ಎಂಬ ಸೂಚನೆಯನ್ನು ಹೂವಿನ ಪಾಠ ಕಲಿತವರು ತಾವಾಗಿಯೇ ಪಾಲಿಸುತ್ತಾರೆ.

ಇದನ್ನೆಲ್ಲ ಕನ್ನಡದಲ್ಲಿ ಹೇಳಲಾಗದು ಎಂಬ ನೆಪ ನಿಲ್ಲುವುದಿಲ್ಲ. ಶಿವರಾಮ ಕಾರಂತರು 1936ರಲ್ಲೇ ಮಕ್ಕಳಿಗಾಗಿ ‘ಬಾಲ ಪ್ರಪಂಚ’ ತಂದರು. ಸಸ್ಯಗಳ ಭ್ರೂಣಶಾಸ್ತ್ರದಲ್ಲಿ ಜಗತ್ತು ಗುರುತಿಸಿದ ಬಿ.ಜಿ.ಎಲ್. ಸ್ವಾಮಿ ತಮ್ಮ ಕಾಡು ಸುತ್ತಾಟಗಳನ್ನು ‘ಹಸುರು ಹೊನ್ನು’ ಆಗಿಸಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಹೂವಿನ ಒಳಗನ್ನು ಕಥೆಯಷ್ಟೇ ಸ್ವಾರಸ್ಯವಾಗಿ ಹೇಳಬಹುದೆಂದು ಅವರು ತೋರಿಸಿ ಅರ್ಧ ಶತಮಾನವಾಗುತ್ತಾ ಬಂತು. ಕೊರತೆಯಿರುವುದು ಭಾಷೆಯಲ್ಲಲ್ಲ, ಕಲಿಸುವ ಕ್ರಮದಲ್ಲಿ.

ಮಾಡಬೇಕಾದದ್ದು ದುಬಾರಿಯೂ ಅಲ್ಲ, ಕಷ್ಟವೂ ಅಲ್ಲ. ಪ್ರತಿ ಶಾಲೆಯಲ್ಲೂ ಊರಿನ ಗಿಡಗಳ ಒಂದು ದಾಖಲೆ ಪುಸ್ತಕವಿರಲಿ. ಗಿಡ ಮರವೋ ಪೊದೆಯೋ ಬಳ್ಳಿಯೋ ಹುಲ್ಲೋ, ಹೂ ಬಿಡುವ ತಿಂಗಳು ಯಾವುದು, ಗಂಡು ಹೆಣ್ಣು ಒಂದೇ ಹೂವಿನಲ್ಲೋ ಬೇರೆಬೇರೆಯೋ, ಬರುವ ಕೀಟ ಯಾವುದು ಎಂದು ಮಕ್ಕಳೇ ಬರೆಯಲಿ. ಮರಗಳ ಚಿಗುರು, ಹೂ, ಕಾಯಿಯ ಕಾಲವನ್ನು ಶಾಲಾ ಮಕ್ಕಳಿಂದ ದಾಖಲಿಸುವ ‘ಸೀಸನ್‌ವಾಚ್’ನಂಥ ಯೋಜನೆ ಈಗಾಗಲೇ ದೇಶದಲ್ಲಿ ನಡೆಯುತ್ತಿದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಗ್ರಾಮ ಪಂಚಾಯಿತಿಗಳು ಇಡಬೇಕಾದ ಜನತಾ ಜೀವವೈವಿಧ್ಯ ದಾಖಲಾತಿಗೂ ಈ ಪುಸ್ತಕ ನೆರವಾಗುತ್ತದೆ. ಪರೀಕ್ಷೆಯಲ್ಲಿ ದಾಸವಾಳದ ಚಿತ್ರದ ಜತೆಗೆ ತಮ್ಮೂರಿನ ಒಂದು ಬೆಳೆಯ ಹೂವನ್ನು ಬಿಡಿಸಿ ತೋರಿಸುವುದಕ್ಕೂ ಅಂಕವಿರಲಿ. ಅಡಿಕೆ ತೋಟದ ಹಿರಿಯರನ್ನು, ಕ್ರಾಸಿಂಗ್ ಬಲ್ಲ ಹೆಣ್ಣುಮಕ್ಕಳನ್ನು, ಜೇನು ಸಾಕುವವರನ್ನು ಶಾಲೆಗೆ ಕರೆಸಿ ಪಾಠ ಹೇಳಿಸಲಿ. ನರ್ಸರಿಗಳು ಜಾಯಿಕಾಯಿ, ಪಪ್ಪಾಯಿ ಸಸಿ ಮಾರುವಾಗ ಅದು ಬೀಜದ್ದೋ ಕಸಿಯದ್ದೋ, ಗಂಡು ಹೆಣ್ಣಿನ ಲೆಕ್ಕ ಏನು ಎಂಬುದನ್ನು ಕನ್ನಡದ ಚೀಟಿಯಲ್ಲಿ ಬರೆದು ಕೊಡುವುದು ಕಡ್ಡಾಯವಾಗಲಿ.

ಇದಕ್ಕೆ ಹೊಸ ಕಾನೂನಾಗಲಿ, ದೊಡ್ಡ ಅನುದಾನವಾಗಲಿ ಬೇಕಿಲ್ಲ. ಶಿಕ್ಷಣ ಇಲಾಖೆ ಮತ್ತು ತೋಟಗಾರಿಕೆ ಇಲಾಖೆ ಒಟ್ಟಿಗೆ ಕುಳಿತು ತೀರ್ಮಾನಿಸಿ, ಬರುವ ಶೈಕ್ಷಣಿಕ ವರ್ಷದಿಂದಲೇ ಇದನ್ನು ಆರಂಭಿಸಬೇಕು.